ಮನೆ ಯಾರದು, ನೆಲ ಯಾರದು?

ಮಲೆನಾಡಿನಲ್ಲಿ ಮನೆ ಕಟ್ಟಲು ಬೇಕಾದ ಸಾಮಗ್ರಿಗೆ ಹಿಂದೆ ದೂರ ಹೋಗಬೇಕಾಗಿರಲಿಲ್ಲ. ಕೆಮ್ಮಣ್ಣಿನ ಗೋಡೆ, ಅಡಿಕೆ ದಬ್ಬೆಯ ಮಾಡು, ಮೇಲೆ ಹುಲ್ಲಿನ ಅಥವಾ ಸೋಗೆಯ ಹೊದಿಕೆ. ನೆರೆಯವರ ನಾಲ್ಕು ಕೈ ಕೂಡಿದರೆ ಮಳೆಗಾಲಕ್ಕೆ ಮುನ್ನ ಒಂದು ಸಂಸಾರಕ್ಕೆ ಸೂರು ಸಿದ್ಧವಾಗುತ್ತಿತ್ತು. ಹೀಗಿದ್ದೂ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ಬಡ ಕುಟುಂಬಗಳು ‘ಇದು ನಮ್ಮ ಮನೆ’ ಎಂದು ಧೈರ್ಯವಾಗಿ ಹೇಳಲಾರದೆ ತಲೆಮಾರುಗಳನ್ನು ಕಳೆದವು. ಗೋಡೆ ಕಟ್ಟಿದವರು ಅವರು. ಗೋಡೆ ನಿಂತ ನೆಲ ಮಾತ್ರ ಇನ್ನೊಬ್ಬರದು. ಆ ನೆಲದ ಕಡೆಯಿಂದ ನೋಡಿದರೆ ಈ ಸೀಮೆಯ ಪರಿಚಿತ ಚರಿತ್ರೆಯೇ ಬೇರೊಂದು ಅರ್ಥವನ್ನು ಕೊಡುತ್ತದೆ.

ಗೇಣಿಗೆ ಗದ್ದೆ ಮಾಡುವವನ ಮನೆಯೂ ಅನೇಕ ವೇಳೆ ಒಡೆಯರ ಜಮೀನಿನಲ್ಲಿಯೇ ಇರುತ್ತಿತ್ತು. ಗೇಣಿ ತಪ್ಪಿದರೆ ಗದ್ದೆಯೊಂದಿಗೆ ಒಲೆಯೂ ತಪ್ಪೀತೆಂಬ ಭಯ ಅವನನ್ನು ಬಿಟ್ಟಿರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವನ್ನು ಕುರಿತ ತಕರಾರು ಸತ್ಯಾಗ್ರಹವಾಗಿ ಬೆಳೆದಾಗ, ಗೇಣಿದಾರರು ಪಣಕ್ಕೊಡ್ಡಿದ್ದು ಈ ಆಸರೆಯನ್ನು. ಬಹುಪಾಲು ದೀವರ ಸಮುದಾಯದವರಾದ ಅವರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಸಂಘಟಿತರಾದರು. ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಆಯ್ಕೆಯಾಗಿ ಆ ದನಿಯನ್ನು ಶಾಸನಸಭೆಗೆ ಒಯ್ದರು.

ಫಲ ದೊರೆಯಲು ಎರಡು ದಶಕಗಳು ಬೇಕಾದವು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಉಳುವವನೇ ಹೊಲದೊಡೆಯನಾದ. ಆದರೆ ಗೇಣಿಯೂ ಇಲ್ಲದೆ ಬರಿಯ ಕೂಲಿಯಿಂದ ಬದುಕುವವನಿಗೆ ಹೊಲದ ಮಾತೆಲ್ಲಿ ಬಂತು? ಅವನಿಗೆ ಆಧಾರವಾದದ್ದು ಅದೇ ಕಾಯಿದೆಯ 38ನೆಯ ಕಲಮು. ಪರರ ಜಮೀನಿನಲ್ಲಿ ವಾಸಿಸುವ ಕೃಷಿ ಕಾರ್ಮಿಕನು ತನ್ನ ಮನೆಯನ್ನೂ ಅದರ ನಿವೇಶನವನ್ನೂ ತನ್ನ ಹೆಸರಿಗೆ ಮಾಡಿಕೊಳ್ಳಬಹುದೆಂದು ಅದು ಹೇಳಿತು. ಹೊಲದ ಹಕ್ಕಿಗೆ ಸಿಕ್ಕ ಕೀರ್ತಿ ಈ ಸಣ್ಣ ಕಲಮಿಗೆ ಸಿಗಲಿಲ್ಲ.

ಇಷ್ಟರಲ್ಲಿ ನೆಲದ ಪ್ರಶ್ನೆಯನ್ನು ನೀರು ಇನ್ನಷ್ಟು ಜಟಿಲಗೊಳಿಸಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಜೋಗದಲ್ಲಿ ಧುಮುಕುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದವು. ಕಾಗದದಲ್ಲಿ ಹೆಸರಿದ್ದವನಿಗೆ ಪರಿಹಾರ ಕೇಳಲು ಒಂದು ಆಧಾರವಿತ್ತು. ಹೆಸರಿಲ್ಲದವನ ಬಳಿ ಇದ್ದದ್ದು ನೆನಪು. ಅನೇಕ ಕುಟುಂಬಗಳನ್ನು ಅರಣ್ಯದ ನೆಲದಲ್ಲಿ ನೆಲೆಗೊಳಿಸಲಾಯಿತು, ಆದರೆ ಆ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದನ್ನು ಬಿಡಿಸಿಕೊಡಲು ಕೇಂದ್ರದ ಒಪ್ಪಿಗೆ ಅವಶ್ಯವಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯ ಹೊರಡಿಸಿದ್ದ ಅಧಿಸೂಚನೆಗಳು 2021ರಲ್ಲಿ ರದ್ದಾದವು. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರ ಮೊಮ್ಮಕ್ಕಳು ಕಾನೂನಿನ ಕಣ್ಣಿಗೆ ಒತ್ತುವರಿದಾರರಂತೆ ಕಾಣಬೇಕಾಯಿತು.

ಈ ಸಂಕಟ ಮಲೆನಾಡಿನದು ಮಾತ್ರವಲ್ಲ. ಕೀನ್ಯಾದ ರಾಜಧಾನಿ ನೈರೋಬಿಯ ಕಿಬೇರಾ ಬಡಾವಣೆಯನ್ನು ನೋಡಬಹುದು. ಬ್ರಿಟಿಷ್ ಸೈನ್ಯದಲ್ಲಿ ದುಡಿದ ಸೂಡಾನ್ ಮೂಲದ ನುಬಿಯನ್ ಸೈನಿಕರಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ನೆಲೆ ದೊರೆಯಿತು, ಒಡೆತನ ದೊರೆಯಲಿಲ್ಲ. ಅವರ ಸಮುದಾಯಕ್ಕೆ ಹಕ್ಕುಪತ್ರ ಬಂದದ್ದು 2017ರಲ್ಲಿ. ಇಂದು ಕಿಬೇರಾದ ನಿವಾಸಿಗಳಲ್ಲಿ ಹೆಚ್ಚಿನವರು ತಗಡಿನ ಕೋಣೆಗಳಿಗೆ ಬಾಡಿಗೆ ತೆರುವವರು. ಗುಡಿಸಲ ಒಡೆಯ ಒಬ್ಬ, ವಾಸಿಸುವವನು ಇನ್ನೊಬ್ಬ. ಅಲ್ಲಿಯೂ ಎಬ್ಬಿಸಿಬಿಡುವರೆಂಬ ಅಂಜಿಕೆಯಲ್ಲಿ ಬಡವನು ಗೋಡೆಯನ್ನು ಗಟ್ಟಿಮಾಡಲು ಹಿಂಜರಿಯುತ್ತಾನೆ.

ಕಿಬೇರಾದ ನುಬಿಯನ್ನರಿಗೆ ಹಕ್ಕುಪತ್ರ ದೊರೆತ ಆ 2017ರಲ್ಲಿಯೇ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ಇನ್ನೊಂದು ತಿದ್ದುಪಡಿ ಜಾರಿಯಾಯಿತೆಂಬುದು ಗಮನಾರ್ಹ. ಖಾಸಗಿ ಜಮೀನಿನಲ್ಲಿರುವ ತಾಂಡಾ, ಹಟ್ಟಿ, ಹಾಡಿ ಮುಂತಾದ ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಅದು ಮನೆಯ ಒಡೆತನವನ್ನು ನೀಡಿತು. ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು ಆಗ ಹುಟ್ಟಿತು. ಆಗ ಕಂದಾಯ ಸಚಿವರಾಗಿದ್ದವರು ಕಾಗೋಡು ತಿಮ್ಮಪ್ಪನವರು. ಕೊಳಗದ ತಕರಾರು ಎದ್ದ ಊರಿನ ಹೆಸರೇ ಮನೆಯ ಹಕ್ಕಿನೊಂದಿಗೂ ಕೂಡಿಕೊಂಡಿತು.

ಕಾಗೋಡಿನಿಂದ ಇಲ್ಲಿಯವರೆಗೆ ಅರುವತ್ತಾರು ವರ್ಷಗಳು. ಹೊಲ ಮೊದಲು ಬಂತು, ಮನೆ ಆಮೇಲೆ ಬಂತು. ಮುಳುಗಡೆಯವರ ನೆಲದ ಪ್ರಶ್ನೆ 2021ರಲ್ಲಿಯೂ ಇತ್ಯರ್ಥವಾಗದೆ ಉಳಿಯಿತು. ವಸತಿ ಯೋಜನೆಗಳು ಎಷ್ಟು ಮನೆಗಳನ್ನು ಕಟ್ಟಿದವೆಂದು ಎಣಿಸುವುದು ಸುಲಭ. ಆ ಮನೆಯಿಂದ ಯಾರೂ ತನ್ನನ್ನು ಎಬ್ಬಿಸಲಾರರೆಂಬ ನೆಮ್ಮದಿಯಲ್ಲಿ ಎಷ್ಟು ಮಂದಿ ರಾತ್ರಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂಬುದನ್ನೂ ನಾವು ಕೇಳಬೇಕು.