ರೂಬಿಕ್ಸ್ ಕ್ಯೂಬ್‌ನ ತಾರ್ಕಿಕ ಪರಿಹಾರ

ರೂಬಿಕ್ಸ್ ಕ್ಯೂಬ್‌ನ ತಾರ್ಕಿಕ ಪರಿಹಾರವೆಂದರೆ ಸಿದ್ಧ ಸೂತ್ರಗಳನ್ನು ಕಂಠಪಾಠ ಮಾಡದೆ, ಪ್ರತಿಯೊಂದು ತಿರುವಿನ ಪರಿಣಾಮವನ್ನು ಅರಿತು ಘನವನ್ನು ಮೂಲಸ್ಥಿತಿಗೆ ತರುವ ವಿಧಾನ. ಹಂಗೇರಿಯ ಅಧ್ಯಾಪಕ ಎರ್ನೊ ರೂಬಿಕ್ ಅವರು 1974ರಲ್ಲಿ ಬುಡಾಪೆಸ್ಟ್‌ನಲ್ಲಿ ಈ ಘನವನ್ನು ರೂಪಿಸಿದಾಗ ಅದಕ್ಕೆ ಸೂತ್ರಗಳೇ ಇರಲಿಲ್ಲ. ತಾವೇ ಕೆಡಿಸಿದ ಘನವನ್ನು ಸರಿಪಡಿಸಲು ಅವರಿಗೆ ಸುಮಾರು ಒಂದು ತಿಂಗಳು ಹಿಡಿಯಿತು.

ತತ್ವ

ಹೊಸಬರು ಸಾಮಾನ್ಯವಾಗಿ 54 ಬಣ್ಣದ ಚೌಕಗಳನ್ನು ನೋಡುತ್ತಾರೆ, ನೋಡಬೇಕಾದದ್ದು ತುಂಡುಗಳನ್ನು. ಘನದಲ್ಲಿ 8 ಮೂಲೆ, 12 ಅಂಚು ಹಾಗೂ 6 ಮಧ್ಯದ ತುಂಡುಗಳಿವೆ. ಮೂಲೆಯ ತುಂಡು ಎಂದಿಗೂ ಅಂಚಿಗೆ ಹೋಗದು. ಮಧ್ಯದ ತುಂಡುಗಳ ಪರಸ್ಪರ ಸ್ಥಾನ ಬದಲಾಗದ ಕಾರಣ, ಒಂದು ಮುಖದ ಬಣ್ಣವನ್ನು ನಿರ್ಧರಿಸುವುದು ಅವೇ. ಇಷ್ಟು ತಿಳಿದವರು ಮೊದಲ ಎರಡು ಪದರಗಳನ್ನು ತಾಳ್ಮೆಯಿಂದ ಜೋಡಿಸಬಲ್ಲರು. ಕಷ್ಟವಿರುವುದು ಕೊನೆಯಲ್ಲಿ: ಒಂದು ತುಂಡನ್ನು ಸರಿಪಡಿಸಹೊರಟರೆ ಜೋಡಿಸಿದ್ದೆಲ್ಲ ಕೆಡುತ್ತದೆ.

ಇದಕ್ಕೆ ಪರಿಹಾರವನ್ನು ಗಣಿತದಲ್ಲಿ ಕಮ್ಯುಟೇಟರ್ ಎನ್ನುತ್ತಾರೆ. ಬಲಮುಖವನ್ನು ಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ, ಮೇಲ್ಮುಖವನ್ನೂ ಹಾಗೆಯೇ ತಿರುಗಿಸಿ, ಬಲಮುಖವನ್ನು ಹಿಂದಕ್ಕೆ ತರಬೇಕು. ಮೇಲಿನ ಭಾಗ ಕೆಟ್ಟಿದ್ದರೂ ಕೆಳಪದರದಲ್ಲಿ ಬದಲಾಗಿರುವುದು ಮುಂಬದಿಯ ಬಲಮೂಲೆ ಮಾತ್ರ. ಈಗ ಕೆಳಪದರವನ್ನು ಕಾಲು ಸುತ್ತು ತಿರುಗಿಸಿ, ಮೊದಲ ಮೂರು ತಿರುವುಗಳನ್ನು ಹಿಂದುಮುಂದಾಗಿ ರದ್ದುಮಾಡಿ, ಕೊನೆಗೆ ಕೆಳಪದರವನ್ನು ಸ್ವಸ್ಥಾನಕ್ಕೆ ತಂದರೆ ಒಟ್ಟು ಎಂಟು ತಿರುವುಗಳಾಗುತ್ತವೆ. ಮೂರು ಮೂಲೆಗಳು ಚಕ್ರಾಕಾರವಾಗಿ ಸ್ಥಾನ ಬದಲಿಸಿರುತ್ತವೆ. ಚಲಿಸಬಲ್ಲ ಉಳಿದ 17 ತುಂಡುಗಳು ಇದ್ದಲ್ಲೇ ಇರುತ್ತವೆ. ಎರಡು ಕ್ರಿಯೆಗಳ ವ್ಯಾಪ್ತಿ ಒಂದೇ ತುಂಡಿನಲ್ಲಿ ಕೂಡುವುದೇ ಇದರ ಗುಟ್ಟು.

ಬೇಕಾದ ಮೂಲೆಗಳು ಅನುಕೂಲವಾದ ಜಾಗದಲ್ಲಿ ಇಲ್ಲದಿದ್ದರೆ ಮೊದಲು ಅವನ್ನು ಅಲ್ಲಿಗೆ ತಂದು, ಕೆಲಸವಾದ ಮೇಲೆ ಆ ತಿರುವನ್ನು ರದ್ದುಮಾಡಬೇಕು. ಅಟ್ಟದ ಮೇಲಿನ ಪಾತ್ರೆಗೆ ಏಣಿ ಹಾಕಿ, ಬಳಿಕ ಏಣಿಯನ್ನು ಮೊದಲಿನ ಜಾಗದಲ್ಲಿ ಇಟ್ಟಂತೆ. ಇದಕ್ಕೆ ಕಾಂಜುಗೇಟ್ ಎಂದು ಹೆಸರು.

ಸಮ-ಬೆಸ ನಿಯಮ

ಕೇವಲ ಎರಡು ಅಂಚುಗಳು ಅದಲುಬದಲಾಗಿ ಉಳಿದೆಲ್ಲವೂ ಸರಿಯಿದ್ದರೆ, ಯಾರೋ ಘನವನ್ನು ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆಂದೇ ಅರ್ಥ. ತಿರುವುಗಳಿಂದ ಆ ಸ್ಥಿತಿ ಬರಲಾರದು. ಎರಡು ಅಂಚುಗಳ ಜೊತೆಗೆ ಎರಡು ಮೂಲೆಗಳೂ ಬದಲಾಗಿದ್ದರೆ ಕಮ್ಯುಟೇಟರ್‌ಗಳಷ್ಟೇ ಸಾಲವು, ಯಾವುದಾದರೂ ಒಂದು ಮುಖವನ್ನು ಕಾಲು ಸುತ್ತು ತಿರುಗಿಸಿ ಮುಂದುವರಿಯಬೇಕು. ಸೂತ್ರವನ್ನು ಗಿಳಿಪಾಠ ಮಾಡಿದವರು ಕಾರಣ ತಿಳಿಯದೆ ಕಂಗೆಡುವುದು ಇಲ್ಲಿಯೇ.

ಬಳಕೆ

ವೇಗಸ್ಪರ್ಧೆಗೆ ಈ ವಿಧಾನ ನಿಧಾನ. ಅಲ್ಲಿ ಪ್ರಚಲಿತವಾದ ಸಿಎಫ್‌ಒಪಿ ಪದ್ಧತಿಯಲ್ಲಿ ಕೊನೆಯ ಪದರಕ್ಕೆಂದೇ 78 ಸೂತ್ರಗಳಿವೆ. ಆದರೆ ಕಣ್ಣುಕಟ್ಟಿ ಘನವನ್ನು ಬಿಡಿಸುವ ನಿಪುಣರು ಮೂರು ಮೂರು ತುಂಡುಗಳನ್ನು ಕಮ್ಯುಟೇಟರ್‌ಗಳಿಂದಲೇ ಸರಿಸುತ್ತಾರೆ. ಪಿರಮಿಂಕ್ಸ್, ಮೆಗಾಮಿಂಕ್ಸ್ ಮೊದಲಾದ ಒಗಟುಗಳಿಗೂ ಇದೇ ತತ್ವ ಅನ್ವಯಿಸುತ್ತದೆ.