ಮುತ್ತಿನ ನತ್ತು

ಪೇಶ್ವೆಗಳ ಬೀಗರಾದ ಬಾಬೂಜಿ ನಾಯಕರ ಆಶ್ರಯದಲ್ಲಿ ಮರಾಠಿ ಕವಿ ಮೋರೋಪಂತರು (1729–1794) ಬಾಳಿದ ಊರು ಬಾರಾಮತಿ. ಆ ಕಾಲದ ಮನೆತನಗಳಿಂದ ಇಂದಿಗೂ ಉಳಿದುಬಂದ ಗುರುತು ನತ್ತು: ಚಿನ್ನದ ತಂತಿಗೆ ಪೋಣಿಸಿದ ಮುತ್ತು, ನಡುವೆ ಕೆಂಪು, ಒಮ್ಮೊಮ್ಮೆ ಪಚ್ಚೆ. ಇದು ನಮ್ಮ ಪರಂಪರೆ ಹೇಗಾದೀತೆಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಸ್ರಾ ಮುತ್ತು ಪರ್ಶಿಯಾ ಕೊಲ್ಲಿಯದು, ಒಳ್ಳೆಯ ಕೆಂಪು ಬರ್ಮಾದ್ದು. ಕೊಲಂಬಿಯಾದ ಪಚ್ಚೆಯನ್ನು ಗೋವೆಗೆ ತಂದವರು ಪೋರ್ಚುಗೀಸರು. ಸಾಲದ್ದಕ್ಕೆ, ಅಜಂತಾದ ಚಿತ್ರಗಳಲ್ಲಿ ಕೊರಳು, ಕಿವಿ, ಮುಡಿಯ ತುಂಬ ಒಡವೆಗಳಿದ್ದರೂ ಮೂಗು ಬರಿದು.

ಆದರೆ ಕಲ್ಲಿನ ತವರನ್ನೇ ಅಳತೆಗೋಲು ಮಾಡಿಕೊಂಡರೆ ಐರ್ಲೆಂಡಿನವರೂ ಸೋಲಬೇಕಾದೀತು. ಪಚ್ಚೆಯ ದ್ವೀಪವೆಂದು ಹೆಸರಾದ ಆ ನಾಡಿನಲ್ಲಿ ಪಚ್ಚೆಯ ಗಣಿಯಿಲ್ಲ. ಗಾಲ್ವೇ ಸೀಮೆಯ ಕ್ಲಾಡಾ ಉಂಗುರಕ್ಕೆ ಯಾವ ಹರಳು ಕೂರಿಸಿದರೂ, ಕಿರೀಟ ಹೊತ್ತ ಹೃದಯವನ್ನು ಎರಡು ಕೈ ಹಿಡಿದ ರೂಪದಿಂದಲೇ ಅದು ಐರಿಶ್ ಎನಿಸುತ್ತದೆ. ನತ್ತಿಗೂ ಇದೇ ನ್ಯಾಯ. 1930ರ ದಶಕದ ಹೊತ್ತಿಗೆ ಜಪಾನಿನ ಕೃಷಿಮುತ್ತು ಕೊಲ್ಲಿಯ ವ್ಯಾಪಾರವನ್ನು ಮುರಿಯಿತು. ಮುತ್ತು ಬೇರೆಯಾಯಿತು, ನತ್ತಿನ ಕಟ್ಟು ಹಾಗೇ ಉಳಿಯಿತು. ಮೂಗು ಚುಚ್ಚಿಸದೆ ಸಿಕ್ಕಿಸಿಕೊಳ್ಳುವ ಇಂದಿನ ನತ್ತು ಹಿರಿಯರಿಗೆ ಹಿಡಿಸದಿರಬಹುದು. ಮದುವೆಯ ದಿನ ಮದುಮಗಳು ಅದನ್ನು ತೊಟ್ಟರೆ, ಅದೂ ಅಪ್ಪಟ ನತ್ತೇ.