ಸುಸ್ತಿದಾರ, ದಿವಾಳಿ ಮತ್ತು ಮತದಾರ

ರಾಜಾಜಿನಗರ, ವಿಜಯನಗರಗಳ ಪತ್ತಿನ ಸಹಕಾರ ಸಂಘಗಳಲ್ಲಿ ಸದಸ್ಯರಾಗಿರುವ ನಿಮ್ಮಲ್ಲಿ ಹಲವರಿಗೆ ‘ಸುಸ್ತಿದಾರ’ ಎಂಬ ಪದ ಪರಿಚಿತವೇ ಆಗಿದೆ. ಸಾಲದ ಕಂತನ್ನು ಕಾಲಕ್ಕೆ ಸರಿಯಾಗಿ ತೀರಿಸದವನು ಸುಸ್ತಿದಾರ. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ ಪ್ರಕಾರ ಅಂಥವನು ಆಡಳಿತ ಮಂಡಲಿಯ ಚುನಾವಣೆಗೆ ನಿಲ್ಲುವಂತಿಲ್ಲ. ಈ ಬಿಗಿಗೆ ಒಂದು ಇತಿಹಾಸವಿದೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘವು ಹುಟ್ಟಿದ ಕಾಲಕ್ಕೆ ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆಯೇ ಸಾಮಾನ್ಯ ನಿಯಮ. ಒಬ್ಬನು ತೀರಿಸದ ಸಾಲ ಸದಸ್ಯರೆಲ್ಲರ ತಲೆಯ ಮೇಲೆ ಬೀಳುತ್ತಿತ್ತು. ಆದುದರಿಂದ ಪಕ್ಕದ ಮನೆಯವನ ಬಾಕಿ ಪ್ರತಿಯೊಬ್ಬನಿಗೂ ತಿಳಿದಿರಲೇಬೇಕಿತ್ತು.

ಶಾಸನಸಭೆಗೆ ಹೋಗುವವನಿಗೆ ಇಷ್ಟು ಕಟ್ಟುಪಾಡಿಲ್ಲ. ಸಂವಿಧಾನದ 102 ಮತ್ತು 191ನೆಯ ಅನುಚ್ಛೇದಗಳು ಅನರ್ಹಗೊಳಿಸುವುದು, ದಿವಾಳಿಯೆಂದು ಘೋಷಿತನಾಗಿ ಅದರಿಂದ ಬಿಡುಗಡೆ ಹೊಂದದವನನ್ನು ಮಾತ್ರ. ಬರಿಯ ಸಾಲಗಾರನಿಗೆ ಅಡ್ಡಿಯಿಲ್ಲ. ಅಷ್ಟೇ ಅಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 135-ಎ ಪ್ರಕರಣವು ಅಧಿವೇಶನದ ಅವಧಿಯಲ್ಲೂ ಅದರ ಹಿಂದುಮುಂದಿನ 40 ದಿನಗಳಲ್ಲೂ ಜನಪ್ರತಿನಿಧಿಗಳಿಗೆ ಸಿವಿಲ್ ಬಂಧನದಿಂದ ರಕ್ಷಣೆ ಕೊಡುತ್ತದೆ. ಇದು ಇಂಗ್ಲೆಂಡಿನಿಂದ ಬಂದ ಬಳುವಳಿ. ಅಲ್ಲಿನ ನಾಟಕಕಾರ ಶೆರಿಡನ್ ಸಂಸದನಾಗಿರುವವರೆಗೂ ಸಾಲ ಕೊಟ್ಟವರು ಅವನನ್ನು ಸೆರೆಗೆ ಹಾಕಿಸಲಾಗಲಿಲ್ಲ. 1812ರಲ್ಲಿ ಸ್ಥಾನ ಕಳೆದುಕೊಂಡ ಮೇಲೆ ಹಾಕಿಸಿದರು!

ನಮ್ಮ ರಾಜ್ಯದ ದೊಡ್ಡ ನಿದರ್ಶನ ವಿಜಯ್ ಮಲ್ಯ ಅವರದು. 2002ರಲ್ಲಿಯೂ 2010ರಲ್ಲಿಯೂ ಅವರು ಪಕ್ಷೇತರರಾಗಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು. ಎರಡನೆಯ ಬಾರಿಗೆ ಅವರ ವಿಮಾನ ಸಂಸ್ಥೆ ನಷ್ಟದಲ್ಲಿದ್ದುದು ಯಾರಿಗೂ ಗುಟ್ಟಾಗಿರಲಿಲ್ಲ. ಆದರೂ ಜನತಾದಳ (ಜಾತ್ಯತೀತ) ಮತ್ತು ಭಾರತೀಯ ಜನತಾ ಪಕ್ಷದ ಶಾಸಕರ ಮತಗಳು ಅವರಿಗೆ ದೊರೆತವು. ಅದೇ 2010ರ ಡಿಸೆಂಬರಿನಲ್ಲಿ ಸಂಸ್ಥೆಯ ಸಾಲಕ್ಕೆ ಅವರು ಬ್ಯಾಂಕುಗಳಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟರು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಯಿತು. ಸಂಸದರ ಸ್ಥಾನ ಮಾತ್ರ ಅಲುಗಲಿಲ್ಲ. 2016ರ ಮಾರ್ಚಿಯಲ್ಲಿ ಅವರು ದೇಶ ಬಿಟ್ಟು, ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು.

ಇಲ್ಲಿ ಮತದಾರರು ಶಾಸಕರೇ ಹೊರತು ನಾವಲ್ಲ ಎಂಬುದನ್ನು ಮರೆಯಬಾರದು. ನಮ್ಮನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೆಂದು ಎದೆತಟ್ಟಿ ಹೇಳಲಾರೆ. ಆದರೆ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯವರಾಗಲಿ, ಕೆಂಗೇರಿಯ ದಿನಸಿ ಅಂಗಡಿಯವರಾಗಲಿ ಸಾಲವನ್ನು ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಕಂಡಿಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಸಾಲ ಮಾಡಿ ಸೋತವನನ್ನು ಅವರು ಹಳಿಯುವುದಿಲ್ಲ. ‘ಪಾಪ, ಮರ್ಯಾದಸ್ಥ’ ಎನ್ನುತ್ತಾರೆ. ಕೂಲಿಯವನ ಬಟವಾಡೆ ನಿಲ್ಲಿಸಿ ಹುಟ್ಟುಹಬ್ಬ ಆಚರಿಸುವವನನ್ನು ಕ್ಷಮಿಸುವುದಿಲ್ಲ. ಯಾತಕ್ಕೆ ಸಾಲ ಮಾಡಿದ, ಯಾರ ಬಾಕಿ ಉಳಿಸಿದ ಎಂಬ ಈ ಎರಡು ಪ್ರಶ್ನೆಗಳು ಕಾನೂನಿನ ಪ್ರಶ್ನೆಗಿಂತ ಸೂಕ್ಷ್ಮವಾದುವೆಂದು ನನ್ನ ಎಣಿಕೆ.

ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳ ಫಲವಾಗಿ ಅಭ್ಯರ್ಥಿಯು ತನ್ನ ಆಸ್ತಿಯೊಡನೆ ಬ್ಯಾಂಕು ಮತ್ತು ಸರ್ಕಾರಕ್ಕೆ ಕೊಡಬೇಕಾದ ಬಾಕಿಯನ್ನೂ ಪ್ರಮಾಣಪತ್ರದಲ್ಲಿ ಘೋಷಿಸಬೇಕಾಗಿದೆ. ಮೊತ್ತವೇನೋ ತಿಳಿಯುತ್ತದೆ. ಸಂಬಳ ಸಿಗದ ನೌಕರನ ಮನೆಯ ಕಥೆ ಆ ಅಂಕಣದಲ್ಲಿ ಹಿಡಿಸುವುದಿಲ್ಲ.

ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯು 2017ರ ಜನವರಿಯಲ್ಲಿ ಬ್ಯಾಂಕುಗಳ ಪರವಾಗಿ 6,203 ಕೋಟಿ ರೂಪಾಯಿ ಹಾಗೂ ಬಡ್ಡಿಯ ವಸೂಲಿಗೆ ಆದೇಶವಿತ್ತಿತು. ಮಲ್ಯ ಅವರನ್ನು ದಿವಾಳಿಯೆಂದು ಘೋಷಿಸಿದ್ದು ಲಂಡನ್ನಿನ ನ್ಯಾಯಾಲಯ, 2021ರ ಜುಲೈ 26ರಂದು. ಅವರು ರಾಜ್ಯಸಭೆಯನ್ನು ಬಿಟ್ಟು ಆಗಲೇ ಐದು ವರ್ಷ ಕಳೆದಿತ್ತು.